ಹ್ರಸ್ವಶಿಲುಬೆಯ ಬೆಳ್ಳಿ ನಾಣ್ಯಗಳ ಕಾಲನಿರ್ಣಯ: ಒಂದು ವಿಮರ್ಶೆ

ಇಂಗ್ಲೆಂಡಿನಲ್ಲಿ ೧೧೮೦ರಿಂದ ೧೨೪೭ರವರೆಗೆ ಟಂಕಿತವಾದ ಬೆಳ್ಳಿಯ ಪೆನ್ನಿಗಳ ಮುಮ್ಮೊಗದಲ್ಲಿ ರಾಜಮುಖವೂ ‘ಹೆನ್ರಿಕಸ್ ರೆಕ್ಸ್’ ಎಂಬ ಲೇಖವೂ ಉಂಟು. ಹಿಮ್ಮೊಗದಲ್ಲಿ ಗಿಡ್ಡ ಶಿಲುಬೆ, ಅದರ ಸುತ್ತಲೂ ಟಂಕಕಾರನ ಮತ್ತು ಊರಿನ ಹೆಸರುಗಳು. ಈ ಅವಧಿಯಲ್ಲಿ ಆಳಿದವರು ಇಮ್ಮಡಿ ಹೆನ್ರಿ, ಒಂದನೆಯ ರಿಚರ್ಡ್, ಜಾನ್, ಮುಮ್ಮಡಿ ಹೆನ್ರಿ ಎಂಬ ನಾಲ್ವರು. ಲೇಖವಾದರೋ ಒಂದೇ.

ಲೇಖದಲ್ಲಿ ಹೆಸರುಳ್ಳವನೇ ನಾಣ್ಯದ ಒಡೆಯನೆಂಬುದು ಪೂರ್ವಪಕ್ಷ. ಅದನ್ನು ನಂಬಿದವರಿಗೆ ಇಬ್ಬರು ಹೆನ್ರಿಗಳಲ್ಲಿ ಯಾರೆಂಬುದಷ್ಟೇ ವಾದವಾಗಿತ್ತು. ಈ ಅಚ್ಚು ನಾಲ್ವರ ಕಾಲಕ್ಕೂ ಸಲ್ಲುವುದೆಂದು ಲಾಂಗ್‌ಸ್ಟಾಫ್ ಮೊದಲೇ ಸೂಚಿಸಿದ್ದರು. ೧೮೬೪ರಲ್ಲಿ ಎಕಲ್ಸ್ ಎಂಬಲ್ಲಿ ಆರು ಸಾವಿರಕ್ಕೂ ಮಿಕ್ಕ ನಾಣ್ಯಗಳ ನಿಕ್ಷೇಪ ದೊರೆಯಿತು. ಮರುವರ್ಷ ಜಾನ್ ಇವನ್ಸ್ ‘ನ್ಯೂಮಿಸ್ಮ್ಯಾಟಿಕ್ ಕ್ರಾನಿಕಲ್’ ಪತ್ರಿಕೆಯಲ್ಲಿ ಅವನ್ನು ಐದು ವರ್ಗಗಳಾಗಿ ವಿಂಗಡಿಸಿ ಸಿದ್ಧಾಂತವನ್ನು ನೆಲೆಗೊಳಿಸಿದರು. ಹೆಸರು ಇಲ್ಲಿ ವ್ಯಭಿಚಾರಿ ಹೇತುವೆಂದು ಕಂಡುಕೊಂಡುದೇ ಅವರ ಪ್ರಬಂಧದ ಗುಣ.

ಈ ವಿಧಾನದ ಬಲಕ್ಕೆ ಲಿನ್ ಪಟ್ಟಣದ ನಾಣ್ಯವು ಸಾಕ್ಷಿ. ೧೨೦೭ರಲ್ಲಿ ಜಾನನು ಟಂಕಕಾರರಿಗೆ ಕಳುಹಿಸಿದ ಆಜ್ಞಾಪತ್ರದಲ್ಲಿ ಹೆಸರಿಸಿದ ೧೬ ಊರುಗಳಲ್ಲಿ ಲಿನ್ ಒಂದು; ಅದರ ನಾಣ್ಯಗಳು ಐದನೆಯ ವರ್ಗದಲ್ಲಿ ಮಾತ್ರ ದೊರೆಯುತ್ತವೆ. ‘ಹೆನ್ರಿಕಸ್’ ಎಂದಿದ್ದರೂ ಅವು ಜಾನನವೇ. ರಿಚರ್ಡನ ಕಾಲದ ಲಿಚ್‌ಫೀಲ್ಡಿನ ಅತಿವಿರಳ ನಾಣ್ಯವನ್ನೂ ಹಿಮ್ಮೊಗವೇ ಗುರುತಿಸಿಕೊಡುತ್ತದೆ.

೧೯೧೫ರಲ್ಲಿ ಲಾರೆನ್ಸ್ ಅಕ್ಷರಗಳ ಆಕಾರ, ಕಿರೀಟದ ಮುತ್ತುಗಳು, ಕೂದಲಿನ ಸುರುಳಿಗಳು ಇವನ್ನು ಪರೀಕ್ಷಿಸಿ ವರ್ಗಗಳನ್ನು ಎಂಟಾಗಿಸಿದರು. ವಿಭಾಗವು ಸೂಕ್ಷ್ಮವಾಯಿತು, ದೋಷವಿರುವುದು ಅದರ ಬಳಕೆಯಲ್ಲಿ. ವರ್ಗವೇ ರಾಜ್ಯಕಾಲವೆಂದು ಭಾವಿಸಲಾಗದು. ನಾಲ್ಕನೆಯ ವರ್ಗವು ೧೧೯೪ರಲ್ಲಿ ಮೊದಲಾಗಿ, ೧೧೯೯ರಲ್ಲಿ ರಿಚರ್ಡನು ತೀರಿದ ಮೇಲೆಯೂ ನಡೆಯಿತು. ಆ ವರ್ಗದ್ದೆಂಬುದರಿಂದಲೇ ನಾಣ್ಯವನ್ನು ಒಬ್ಬ ರಾಜನಿಗೆ ಕಟ್ಟಿ ಬೆಲೆಯೇರಿಸುವುದು ಪ್ರಮಾಣವನ್ನು ಮೀರಿದ ಮಾತು.

ಮೌಲ್ಯವೂ ನಿರ್ಣಯವನ್ನೇ ಅನುಸರಿಸತಕ್ಕದ್ದು. ಸಾವಿರಕ್ಕೆ ೯೨೫ ಪಾಲು ಬೆಳ್ಳಿಯುಳ್ಳ, ಸುಮಾರು ಒಂದೂವರೆ ಗ್ರಾಮಿನ ಈ ತುಂಡಿನಲ್ಲಿ ಲೋಹದ ಬೆಲೆ ಅತ್ಯಲ್ಪ. ಲಂಡನ್ನಿನ ನಾಣ್ಯಗಳು ಹೇರಳ, ಲಿಚ್‌ಫೀಲ್ಡಿನವು ದುರ್ಲಭ. ಎರಡರ ಮುಮ್ಮೊಗದ ಲೇಖವೂ ಒಂದೇ. ಅಂಚು ಕತ್ತರಿಸಿದ ನಾಣ್ಯದಲ್ಲಿ ಊರಿನ ಹೆಸರು ಅಳಿದರೆ ಬೆಳ್ಳಿಯೊಡನೆ ಸಾಕ್ಷ್ಯವೂ ನಷ್ಟವಾದಂತೆ. ಆದುದರಿಂದ ವರ್ಗ, ಊರು, ಟಂಕಕಾರ, ತೂಕ, ಸ್ಥಿತಿ ಇವನ್ನು ಕ್ರಮವಾಗಿ ನೋಡಿ ಕಡೆಯಲ್ಲಿ ರಾಜನ ಹೆಸರನ್ನು ಹೇಳುವುದೇ ಶಾಸ್ತ್ರಸಮ್ಮತವಾದ ಮಾರ್ಗ.