ಬಂಡೆಯ ಮೇಲಿನ ಬರಹ

ಭೋಪಾಲದಿಂದ ಆಗ್ನೇಯಕ್ಕೆ ಸುಮಾರು 45 ಕಿ.ಮೀ. ದೂರ, ರಾಯಸೇನ ಜಿಲ್ಲೆಯ ರಾತಾಪಾನಿ ಕಾಡಿನ ನಡುವೆ ತಲೆ ಎತ್ತಿ ನಿಂತ ಮರಳುಗಲ್ಲಿನ ಬಂಡೆಗಳ ಸಾಲು ಭೀಮ್‌ಬೇಟ್ಕಾ. ಭೀಮ ಕುಳಿತ ಜಾಗ ಎಂಬುದು ಹೆಸರಿನ ಅರ್ಥ. ಉತ್ತರ ಕರ್ನಾಟಕದವರ ಬಾಯಲ್ಲಿರುವ ‘ಬೈಠಕ್’ ಪದವೇ ಅದರೊಳಗೂ ಇದೆ. ದೊಡ್ಡ ಬಂಡೆ ಕಂಡಲ್ಲಿ ಭೀಮನನ್ನು ತಂದು ಕೂರಿಸುವುದು ದೇಶದುದ್ದಕ್ಕೂ ಇರುವ ರೂಢಿ.

ಸ್ಥಳೀಯ ಆದಿವಾಸಿಗಳ ಮಾತು ನಂಬಿ 1888ರಲ್ಲಿ ಕಿಂಕೇಡ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಬೌದ್ಧ ನೆಲೆಯೆಂದು ದಾಖಲಿಸಿದ್ದ. ಇದು ಆದಿಮಾನವರು ಚಿತ್ರ ಬರೆದ ನೆಲೆಯೆಂಬ ನಿಜ ಸಂಗತಿ ಹೊರಬಿದ್ದದ್ದು 1957ರಲ್ಲಿ. ರೈಲಿನಲ್ಲಿ ಭೋಪಾಲಕ್ಕೆ ಹೊರಟಿದ್ದ ವಿ.ಎಸ್. ವಾಕಣಕರ್ ಅವರಿಗೆ ಕಿಟಕಿಯಾಚೆ ಕಂಡ ಬಂಡೆಗಳು ಸ್ಪೇನ್, ಫ್ರಾನ್ಸ್‌ಗಳಲ್ಲಿ ನೋಡಿದ್ದ ನೆಲೆಗಳನ್ನು ನೆನಪಿಸಿದವು. ವಾಕಣಕರ್ ಪುರಾತತ್ತ್ವಜ್ಞರಷ್ಟೇ ಅಲ್ಲ, ಚಿತ್ರಕಾರರೂ ಹೌದು. ಆ ಕಣ್ಣಿಲ್ಲದಿದ್ದರೆ ರೈಲು ಸುಮ್ಮನೆ ಮುಂದೆ ಹೋಗುತ್ತಿತ್ತು.

ಗುಹೆಯೆಂದರೆ ಕತ್ತಲೆಯ ಸುರಂಗ ಎಂದುಕೊಂಡು ಹೋದವರಿಗೆ ಇಲ್ಲಿ ನಿರಾಸೆ. ಗಾಳಿ, ಮಳೆಗೆ ಸವೆದ ವಿಂಧ್ಯದ ಮರಳುಗಲ್ಲು ಸೂರಿನಂತೆ ಮುಂಚಾಚಿದೆ, ಅದರಡಿ ಬೆಳಕು ಧಾರಾಳ. ಇಂಥ ಕಲ್ಲಾಸರೆಗಳು ಸುತ್ತಲ ಪ್ರದೇಶದಲ್ಲಿ 700ಕ್ಕೂ ಹೆಚ್ಚಿವೆ. ಪುರಾತತ್ತ್ವಜ್ಞ ವಿ.ಎನ್. ಮಿಶ್ರ ಅಗೆಸಿದ ಒಂದು ಆಸರೆಯ ನೆಲದಲ್ಲಿ ತಳಕ್ಕೆ ಹಳೆಯ ಶಿಲಾಯುಗದ ಕೈಗೊಡಲಿಗಳು, ಮೇಲಕ್ಕೆ ಬಂದಂತೆ ಉಗುರಿನಷ್ಟು ಚಿಕ್ಕ ಕಲ್ಲಿನ ಅಲಗುಗಳು ಸಿಕ್ಕವು. ಒಂದೇ ಸೂರಿನಡಿ ಯುಗಗಳೇ ಉರುಳಿದ್ದವು. 2003ರಲ್ಲಿ ಯುನೆಸ್ಕೊ ಈ ನೆಲೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಆಸರೆಗಳ ಚಿತ್ರಗಳಲ್ಲಿ ಹೆಚ್ಚಿನವು ಕೆಂಪು, ಬಿಳಿ. ಅಲ್ಲಲ್ಲಿ ಹಸಿರು, ಹಳದಿ. ಕೆಂಪಿಗೆ ಕಬ್ಬಿಣದಂಶದ ಕಾವಿಕಲ್ಲನ್ನು ಅರೆದು ಬಳಸಿದ್ದಾರೆ. ‘ಪ್ರಾಣಿಗಳ ಬಂಡೆ’ ಎನ್ನಿಸಿಕೊಂಡಿರುವ ನಾಲ್ಕನೇ ಆಸರೆಯ ಮುಂದೆ ಅವಸರ ಸಲ್ಲದು. ಮೊದಲ ನೋಟಕ್ಕೆ ಅಲ್ಲಿರುವುದು ಬರೀ ಗೋಜಲು. ಕಣ್ಣು ಒಗ್ಗಿದ ಮೇಲೆ ಆನೆ, ಜಿಂಕೆ, ಕಾಟಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಒಂದರ ಬೆನ್ನ ಮೇಲೆ ಇನ್ನೊಂದರ ಕೊಂಬು, ಅದರ ಮೇಲೆ ಬಹು ಕಾಲದ ನಂತರ ಬಂದ ಕುದುರೆ ಸವಾರರು. ಹಳೆಯದನ್ನು ಅಳಿಸದೆ ಅದರ ಮೇಲೆಯೇ ಬರೆದಿದ್ದಾರೆ. ಬೇರೆಡೆ ಬೇಟೆ, ಕುಣಿತ, ಜೇನು ಕೀಳುವ ನೋಟಗಳಿವೆ. ಹದಿನೈದನೇ ಆಸರೆಯಲ್ಲಿ ಕೊಂಬುಳ್ಳ ದೈತ್ಯ ಹಂದಿಯೊಂದು ಪುಟ್ಟ ಮನುಷ್ಯನನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ಅಂಥ ಹಂದಿ ಯಾವ ಕಾಡಿನಲ್ಲೂ ಇಲ್ಲ.

ಬಂಡೆಯ ಮೇಲೆ ಬರೆಯುವ ಅಭ್ಯಾಸ ಈ ಸೀಮೆಯಲ್ಲಿ ಕಾಡು ಬಿಟ್ಟು ಊರಿಗೂ ಬಂತು. ಸ್ವಲ್ಪ ದೂರದ ಬೇತವಾ ನದಿಯ ದಡದಲ್ಲಿ ಭೋಜಪುರವಿದೆ. ಹನ್ನೊಂದನೇ ಶತಮಾನದ ಪರಮಾರ ದೊರೆ ಭೋಜನದೆಂದು ಹೇಳುವ ಶಿವಾಲಯ ಅಲ್ಲಿ ಅರ್ಧಕ್ಕೇ ನಿಂತಿದೆ. ಗುಡಿಯೊಳಗಿನ ಲಿಂಗವೇ ಏಳೂವರೆ ಅಡಿ. ಆದರೆ ನೋಡಬೇಕಾದದ್ದು ಹೊರಗಿದೆ: ಸುತ್ತಲ ಹಾಸುಬಂಡೆಗಳ ಮೇಲೆ ಶಿಲ್ಪಿಗಳು ಕಂಬ, ಶಿಖರ, ತಳವಿನ್ಯಾಸಗಳ ನಕ್ಷೆಯನ್ನು ಗೀರಿದ್ದಾರೆ. ಕಲ್ಲು ಮೇಲೇರಿಸಲು ಹಾಕಿದ ಮಣ್ಣಿನ ಇಳಿಜಾರು ಗುಡಿಯ ಹಿಂದೆ ಇನ್ನೂ ಉಳಿದಿದೆ. ಗುಡಿ ಮುಗಿದಿದ್ದರೆ ಇವೆಲ್ಲ ಉಳಿಯುತ್ತಿದ್ದವೋ ಇಲ್ಲವೋ.

ಬಂಡೆಯ ಮೇಲಿನ ಗುರುತುಗಳೆಲ್ಲ ಮನುಷ್ಯ ಬರೆದವಲ್ಲ. ಭೀಮ್‌ಬೇಟ್ಕಾದ ಸಭಾಂಗಣ ಗುಹೆಯ ಸೂರಿನಲ್ಲಿ ಎಲೆಯಂಥ ಒಂದು ಗುರುತಿತ್ತು. 2021ರಲ್ಲಿ ಪ್ರಕಟವಾದ ಪ್ರಬಂಧವೊಂದು ಅದನ್ನು ಡಿಕಿನ್ಸೋನಿಯಾ ಎಂಬ ಪುರಾತನ ಜೀವಿಯ ಪಳೆಯುಳಿಕೆ ಎಂದಿತು. ವಯಸ್ಸು ಸುಮಾರು 55 ಕೋಟಿ ವರ್ಷ. ಪತ್ರಿಕೆಗಳು ಸಂಭ್ರಮಿಸಿದವು. ಬೇರೆ ಭೂವಿಜ್ಞಾನಿಗಳು ಮತ್ತೆ ಹೋಗಿ ನೋಡುವಷ್ಟರಲ್ಲಿ ಗುರುತು ಸಿಪ್ಪೆಯಂತೆ ಕಳಚತೊಡಗಿತ್ತು. ಅದು ಹೆಜ್ಜೇನು ಬಿಟ್ಟುಹೋದ ಹಳೆಯ ಹುಟ್ಟಿನ ಕಲೆಯೆಂದು 2023ರಲ್ಲಿ ಖಚಿತವಾಯಿತು. ಮೊದಲ ಪ್ರಬಂಧ ಬರೆದವರೂ ತಪ್ಪನ್ನು ಒಪ್ಪಿಕೊಂಡರು. ಸಭಾಂಗಣದ ಆ ಎತ್ತರದ ಸೂರಿನಲ್ಲಿ ಹೆಜ್ಜೇನು ಈಗಲೂ ಕಟ್ಟುತ್ತದೆ.