ಪ್ರಾಗ್ ಪ್ರಣಾಳಿಕೆಯನ್ನು ಮಾನ್ವಿಯಲ್ಲಿ ಓದಿದರೆ

1996ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಎಸ್ಪೆರಾಂಟೊ ವಿಶ್ವ ಸಮ್ಮೇಳನ ಏಳು ತತ್ವಗಳ ಒಂದು ಪ್ರಣಾಳಿಕೆ ಹೊರಡಿಸಿತು. ಪ್ರತಿಯೊಂದು ಜೀವಜಾತಿಯಂತೆ ಪ್ರತಿಯೊಂದು ಭಾಷೆಯೂ ತನ್ನಷ್ಟಕ್ಕೆ ಬೆಲೆಯುಳ್ಳದ್ದು, ಅದನ್ನು ಕಾಪಾಡಬೇಕು ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಭಾಷೆ, ಪರಿಸರ ಎಂದು ನಡೆಯುವ ಸಭೆಗಳಲ್ಲಿ ಈ ಹೋಲಿಕೆ ಈಗ ರೂಢಿಯಾಗಿದೆ. ಇದನ್ನು ರಾಯಚೂರು ಜಿಲ್ಲೆಯ ನೆಲದ ಮೇಲಿಟ್ಟು ನೋಡುವುದು ನಮಗೆ ಅಗತ್ಯ.

ಮೊದಲು ಒಪ್ಪುವ ಮಾತು. ಎಸ್ಪೆರಾಂಟೊ ಕಟ್ಟಿದ ಜಾಮೆನ್‌ಹಾಫ್ ಹುಟ್ಟಿದ ಬಿಯಾಲಿಸ್ಟಾಕ್ ಊರಲ್ಲಿ ಯಿಡ್ಡಿಶ್, ಪೋಲಿಷ್, ರಷ್ಯನ್, ಜರ್ಮನ್ ಆಡುವವರು ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಯಾರ ಸೊತ್ತೂ ಅಲ್ಲದ ಭಾಷೆಯೊಂದಿದ್ದರೆ ಯಾರೂ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ ಎಂದು ಆತ 1887ರಲ್ಲಿ ತನ್ನ ಪುಸ್ತಕ ತಂದ. ಈ ಸಂಕಟ ನಮಗೆ ಹೊಸದಲ್ಲ. 1948ರವರೆಗೆ ನಿಜಾಮನ ಕಚೇರಿಯಲ್ಲಿ ಉರ್ದು ಇತ್ತು. 1956ರ ಏಕೀಕರಣದಿಂದ ಕನ್ನಡ ಬಂತು, ಪಕ್ಕದಲ್ಲಿ ಇಂಗ್ಲಿಷೂ ಕೂತಿತು. ಅರ್ಜಿ ಬರೆಸಲು ಇನ್ನೊಬ್ಬರ ಮುಂದೆ ಕೈಕಟ್ಟಿ ನಿಂತವನು ಮಾತ್ರ ಬದಲಾಗಲಿಲ್ಲ. ತಾಂಡಾದವರ ಪಾಡು ಇನ್ನೂ ಬೇರೆ. 2011ರ ಜನಗಣತಿ ಲಂಬಾಣಿ ಮಾತನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿತು!

ಇಲ್ಲಿಂದ ಮುಂದೆ ನಮ್ಮ ತಕರಾರು. ಹಕ್ಕಿ ಉಳಿಯಬೇಕಾದರೆ ಗಿಡ ಉಳಿಯಬೇಕು. ಮಾತು ಉಳಿಯಬೇಕಾದರೆ? ಪ್ರಣಾಳಿಕೆ ಪ್ರಜಾಪ್ರಭುತ್ವ ಎನ್ನುತ್ತದೆ, ಶಿಕ್ಷಣ ಎನ್ನುತ್ತದೆ, ಭಾಷಾ ಹಕ್ಕು ಎನ್ನುತ್ತದೆ. ಭೂಮಿ ಎನ್ನುವುದಿಲ್ಲ.

ಮಾನ್ವಿ ಸೀಮೆಯ ಎರೆಹೊಲದಲ್ಲಿ ಜೋಳದ ಜೊತೆ ಒಂದು ಲೋಕವೇ ಇತ್ತು: ಕೂರಿಗೆ, ಅಕ್ಕಡಿ ಸಾಲು, ಸೀತೆನಿ, ಕಣ, ಕಾಳು ತುಂಬಿಡುವ ಹಗೇವು. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಕಡೆ ನೆಲ್ಲು ಬಂತು. ನೆಲ್ಲಿನ ಗದ್ದೆಯಲ್ಲಿ ಅಕ್ಕಡಿಗೆ ಏನು ಕೆಲಸ? ನೀರು ನಿಂತ ನೆಲದಲ್ಲಿ ಹಗೇವು ಹ್ಯಾಂಗ ತೋಡೋದು? ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಭೂಮಿ ಸವಳಾಯಿತು. ಕೊನೆಭಾಗದ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ರಸ್ತೆಗೆ ಇಳಿಯುವುದು ತಪ್ಪಲಿಲ್ಲ. ಮಾತು ಸತ್ತದ್ದು ಕವಿಗಳು ಬರೆಯದೆ ಅಲ್ಲ, ಬೆಳೆ ಹೋದದ್ದರಿಂದ.

ಇನ್ನು ದೇವದುರ್ಗ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇದನ್ನೂ ಬರೆಯಿತು. ಕೃಷ್ಣೆ ಪಕ್ಕದಲ್ಲೇ ಹರಿಯುತ್ತಾಳೆ, ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಸಿಮೆಂಟು ಕಲಸುವ ಕೈಗೆ ಹೊಲದ ಮಾತು ಎಷ್ಟು ದಿನ ನೆನಪಿದ್ದೀತು? ಹೊಟ್ಟಿ ಕಟ್ಕೊಂಡು ಹೋದವ್ರಿಗೆ ಮಾತು ಕಾಪಾಡ್ರಿ ಅಂದ್ರ ಏನು ಹೇಳ್ಯಾರು?

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಹಳೆಯ ಮಾತನ್ನೆಲ್ಲ ಕಾಪಾಡಬೇಕೆ? ಹಗೇವಿನ ಕೆಟ್ಟ ಗಾಳಿಗೆ ಇಳಿದವರು ಯಾರು, ಮೇಲೆ ನಿಂತು ಚೀಲ ಎಣಿಸಿದವರು ಯಾರು? ಬಿಟ್ಟಿ, ಜೀತ, ಮುತ್ತು ಕಟ್ಟುವುದು, ಇವೂ ಈ ನೆಲದ ಮಾತುಗಳೇ. 1976ರ ಕಾನೂನು ಜೀತವನ್ನು ರದ್ದು ಮಾಡಿತು, 1982ರ ಕರ್ನಾಟಕದ ಕಾನೂನು ದೇವದಾಸಿ ಬಿಡುವುದನ್ನು ನಿಷೇಧಿಸಿತು. ಈ ಮಾತುಗಳು ಬಳಕೆಯಿಂದ ಹೋದರೆ ನಮಗೆ ನಷ್ಟವಿಲ್ಲ. ಅವುಗಳ ನೆನಪು ಇರಲಿ, ಆಚರಣೆ ಸಾಯಲಿ. ಯಾವ ಹಕ್ಕಿಯೂ ಇನ್ನೊಂದು ಹಕ್ಕಿಯನ್ನು ಊರಾಚೆ ಇಡುವುದಿಲ್ಲ. ಮಾತು ಇಡುತ್ತದೆ. ಜೀವಜಾತಿಯ ಹೋಲಿಕೆ ಸೋಲುವುದು ಇಲ್ಲಿಯೇ. ಜಾತಿಯನ್ನು ಬಿಟ್ಟು ಪರಿಸರದ ಮಾತಾಡುವವರು ಹಳೆಯ ಹಳ್ಳಿಯನ್ನು ಹಾಗೇ ತಂದು ನಮ್ಮ ತಲೆಯ ಮೇಲೆ ಕೂರಿಸುತ್ತಾರೆ.

ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರು ನಗರಕ್ಕೆ 1934, 1956, 2016ರಲ್ಲಿ ಬಂದು ಹೋಗಿದೆ. 2016ರ ಅಧ್ಯಕ್ಷರು ಬಂಡಾಯದವರೇ ಆದ ಬರಗೂರು ರಾಮಚಂದ್ರಪ್ಪ. ಭಾಷೆಯ ಸಭೆಗಳು ಇನ್ನೂ ನಡೆಯಲಿ. ಆದರೆ ವೇದಿಕೆಯ ಮೇಲೆ ಭೂಮಿ, ಕೂಲಿ, ಕಾಲುವೆಯ ಕೊನೆಭಾಗದ ನೀರು ಚರ್ಚೆಗೆ ಬರಬೇಕು. ಹಳ್ಳಿಯ ಮಾಸ್ತರುಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಮಕ್ಕಳಿಂದ ಹೊಲದ ಮಾತುಗಳ ಪಟ್ಟಿ ಬರೆಸಿರಿ. ಪ್ರತಿ ಮಾತಿನ ಮುಂದೆ ಆ ಕೆಲಸ ಯಾರು ಮಾಡುತ್ತಿದ್ದರು, ಹೊಲ ಯಾರದಿತ್ತು ಎಂದೂ ಬರೆಸಿರಿ. ಪ್ರಾಗ್ ಪ್ರಣಾಳಿಕೆಯಲ್ಲಿ ಬಿಟ್ಟುಹೋದ ತತ್ವ ಆ ಪಟ್ಟಿಯಲ್ಲಿ ಸಿಗುತ್ತದೆ.