ಟಾಲ್‌ಸ್ಟಾಯ್ ಕಂಡ ದೇವರ ರಾಜ್ಯ: ಒಂದು ವಿಮರ್ಶೆ



ಜಗತ್ತಿನ ಜನರೆಲ್ಲರೂ ಒಂದು ಒಳ್ಳೆಯ ಧರ್ಮವನ್ನು ನಂಬಿದರೆ ಲೋಕದ ಸಂಕಟಗಳು ತಾವಾಗಿಯೇ ಕಡಿಮೆಯಾಗುವವೆಂಬ ಮಾತು ಎಲ್ಲ ಮತಗಳ ವೇದಿಕೆಗಳಿಂದಲೂ ಕೇಳಿಬರುತ್ತದೆ. ಪ್ರತಿಯೊಬ್ಬರೂ ಇದನ್ನು ತಮ್ಮ ತಮ್ಮ ಧರ್ಮವನ್ನು ಕುರಿತೇ ಹೇಳುವರು. ಆದರೆ ಆ ಮಾತನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ಹೇಳುವವರಲ್ಲಿ ಬಹುಮಂದಿಗೆ ಇರುವುದಿಲ್ಲ. ಕ್ರೈಸ್ತಧರ್ಮದ ವಿಷಯದಲ್ಲಿ ಈ ಧೈರ್ಯವನ್ನು ತೋರಿದವರು ರಷ್ಯದ ಲಿಯೋ ಟಾಲ್‌ಸ್ಟಾಯ್. ಅವರ ‘ದೇವರ ರಾಜ್ಯ ನಿಮ್ಮೊಳಗಿದೆ’ ಎಂಬ ಗ್ರಂಥವು ರಷ್ಯದ ಸರಕಾರ ತಡೆಯೊಡ್ಡಿದ ಕಾರಣ 1894ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕದಲ್ಲಿದ್ದ ತರುಣ ಗಾಂಧಿಯವರು ಅದನ್ನು ಓದಿ ಬೆರಗಾದುದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆ ಗ್ರಂಥದ ಹಿರಿಮೆಯನ್ನೂ, ಅದರಲ್ಲಿ ಅಡಗಿರುವ ಒಂದು ದೊಡ್ಡ ದೋಷವನ್ನೂ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಟಾಲ್‌ಸ್ಟಾಯ್ ಅವರ ವಾದ ನೇರವಾದುದು. ಏಸುವಿನ ಬೋಧೆಯ ತಿರುಳು ಗಿರಿಪ್ರವಚನದಲ್ಲಿದೆ. ಕೆಡುಕನ್ನು ಬಲಾತ್ಕಾರದಿಂದ ಎದುರಿಸಬಾರದೆಂಬುದೇ ಅದರ ಆಜ್ಞೆ. ಚರ್ಚು ಈ ಆಜ್ಞೆಯನ್ನು ಬದಿಗೊತ್ತಿ, ಪವಾಡ, ಸಂಸ್ಕಾರ, ವಿಶ್ವಾಸಸೂತ್ರಗಳನ್ನು ಮುಂದೆ ಮಾಡಿತು. ರಾಜನ ಸೇನೆಗೆ ಆಶೀರ್ವಾದ ಮಾಡಿತು. ಗಿರಿಪ್ರವಚನವನ್ನೂ ವಿಶ್ವಾಸಸೂತ್ರವನ್ನೂ ಒಬ್ಬನೇ ಮನುಷ್ಯನು ಏಕಕಾಲದಲ್ಲಿ ನಂಬಲಾರನೆಂಬಷ್ಟು ಕಠೋರವಾಗಿ ಅವರು ಬರೆಯುತ್ತಾರೆ. ಇಂತಹ ಬರಹಗಳ ಫಲವಾಗಿ 1901ರಲ್ಲಿ ರಷ್ಯದ ಚರ್ಚು ಅವರನ್ನು ಬಹಿಷ್ಕರಿಸಿತು.

ಗ್ರಂಥದ ಕೊನೆಯ ಅಧ್ಯಾಯದಲ್ಲಿ ಬರುವ ಒಂದು ರೈಲಿನ ಪ್ರಸಂಗವನ್ನು ಓದಿದವರು ಮರೆಯಲಾರರು. 1892ರಲ್ಲಿ ಕ್ಷಾಮಪೀಡಿತರ ನೆರವಿಗೆ ಹೊರಟಿದ್ದ ಟಾಲ್‌ಸ್ಟಾಯ್ ದಾರಿಯಲ್ಲಿ ಸೈನಿಕರನ್ನು ತುಂಬಿಕೊಂಡ ವಿಶೇಷ ರೈಲೊಂದನ್ನು ಕಂಡರು. ಕಾಡಿನ ವಿವಾದವೊಂದರಲ್ಲಿ ಜಮೀನ್ದಾರನಿಗೆ ಎದುರುನಿಂತ ರೈತರನ್ನು ದಂಡಿಸಲು ಗವರ್ನರ್‌ನೊಡನೆ ಅವರು ಹೊರಟಿದ್ದರು. ಬಂದೂಕುಗಳ ಜೊತೆಗೆ ಹೊಡೆಯುವ ಬೆತ್ತಗಳೂ ಇದ್ದವು. ಆ ಸೈನಿಕರು ಕ್ರೂರಿಗಳಲ್ಲ, ರೈತರ ಮಕ್ಕಳೇ. ಹೊಡೆಸಿಕೊಳ್ಳುವವರಂತೆ ಅವರೂ ದೀಕ್ಷಾಸ್ನಾನ ಪಡೆದವರು. ಹಾಗಾದರೆ ಇದು ಹೇಗೆ ಸಾಧ್ಯ? ಟಾಲ್‌ಸ್ಟಾಯ್ ಅವರ ಉತ್ತರ ಇಂದಿಗೂ ಹಳತಾಗಿಲ್ಲ. ಪಾಪದ ಭಾರವು ಅನೇಕರ ಹೆಗಲಿಗೆ ಹಂಚಿಹೋಗುತ್ತದೆ. ಸಿಪಾಯಿ ತನ್ನ ಮೇಲಧಿಕಾರಿಯನ್ನು ತೋರಿಸುತ್ತಾನೆ. ಅಧಿಕಾರಿ ಗವರ್ನರನನ್ನು, ಗವರ್ನರನು ಕಾನೂನನ್ನು, ಅರಸನು ಪ್ರಜೆಗಳ ಹಿತವನ್ನು ತೋರಿಸುತ್ತಾನೆ. ಕೊನೆಗೆ ಏಟು ಬೀಳುತ್ತದೆ, ಆದರೆ ಹೊಡೆದವನು ಯಾರೂ ಇರುವುದಿಲ್ಲ.

ಇಷ್ಟು ಸೂಕ್ಷ್ಮವಾಗಿ ಕಂಡವರು ಪರಿಹಾರವನ್ನು ಹೇಳುವಾಗ ಎಡವಿದರೆಂಬುದೇ ನನ್ನ ಆಕ್ಷೇಪ. ಮೊದಲು ಕೆಲವರೇ ಕೆಲವರು ಒಳಗಿನ ಅರಿವಿನಿಂದ ಈ ಸತ್ಯವನ್ನು ಒಪ್ಪುವರು. ಅವರ ಸಂಖ್ಯೆ ಒಂದು ಮಟ್ಟಕ್ಕೆ ಬಂದ ಮೇಲೆ ಅದು ಲೋಕಾಭಿಪ್ರಾಯವಾಗುವುದು. ಆಗ ಉಳಿದ ಜನಸಮೂಹವು ಸ್ವಂತ ವಿಚಾರವಿಲ್ಲದೆಯೂ, ಮುಂದಿನವರ ಮೇಲಿನ ನಂಬಿಕೆಯಿಂದಲೇ, ಒಮ್ಮೆಗೇ ಅದರ ಕಡೆಗೆ ಹರಿದುಬರುವುದು, ಎಂದು ಅವರು ಭರವಸೆ ಕೊಡುತ್ತಾರೆ. ಇಲ್ಲಿ ನಾವು ತಡೆದು ಕೇಳಬೇಕು. ಮುಂದಿನವರನ್ನು ನೋಡಿ ಹರಿದುಬಂದ ಜನರು ನಾಳೆ ಅದೇ ಮುಂದಿನವರು ಬೆತ್ತ ಕೊಟ್ಟರೆ ಹಿಡಿಯದಿರುವರೇ? ಆ ರೈಲಿನ ಸಿಪಾಯಿಗಳು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ?

ಇದು ಬರಿಯ ತರ್ಕವಲ್ಲ. ಟಾಲ್‌ಸ್ಟಾಯ್ 1910ರಲ್ಲಿ ತೀರಿಕೊಂಡರು. ಅವರು ಹೇಳಿದಂತಹ ಹರಿವು ಇಪ್ಪತ್ತನೆಯ ಶತಮಾನದಲ್ಲಿ ಮಧ್ಯ ಆಫ್ರಿಕದ ಪುಟ್ಟ ದೇಶವಾದ ರುವಾಂಡಾದಲ್ಲಿ ನಿಜವಾಗಿಯೂ ನಡೆಯಿತು. ಕೆಥೊಲಿಕ್ ಪಾದ್ರಿಗಳು ಅಲ್ಲಿಗೆ ಬಂದದ್ದು 1900ರಲ್ಲಿ. ಕ್ರೈಸ್ತನಾಗಲು ಒಪ್ಪದ ಅರಸ ಮುಸಿಂಗನನ್ನು ಬೆಲ್ಜಿಯಂ ಆಡಳಿತವು 1931ರಲ್ಲಿ ಪದಚ್ಯುತಗೊಳಿಸಿ ಅವನ ಮಗನನ್ನು ಪಟ್ಟಕ್ಕೆ ತಂದಿತು. ನಾಯಕರು ಚರ್ಚಿಗೆ ಹೋದರು. ಅವರ ಹಿಂದೆ ಜನರು ಹೋದರು. ಆ ಸಾಮೂಹಿಕ ಮತಾಂತರದ ರಭಸವನ್ನು ಕಂಡು ಪಾದ್ರಿಗಳೇ ಅದಕ್ಕೆ ‘ಸುಂಟರಗಾಳಿ’ ಎಂದು ಹೆಸರಿಟ್ಟರು. 1943ರಲ್ಲಿ ಹೊಸ ಅರಸನು ದೀಕ್ಷಾಸ್ನಾನ ಪಡೆದು, 1946ರಲ್ಲಿ ದೇಶವನ್ನೇ ಕ್ರಿಸ್ತರಾಜನಿಗೆ ಅರ್ಪಿಸಿದನು. ಅದೇ 1930ರ ದಶಕದಲ್ಲಿ ಆಡಳಿತವು ಪ್ರತಿಯೊಬ್ಬನ ಗುರುತಿನ ಪತ್ರದಲ್ಲಿ ಹುಟು, ಟುಟ್ಸಿ ಎಂಬ ಭೇದವನ್ನೂ ಬರೆಯಿಸಿತು. ದೀಕ್ಷಾಸ್ನಾನದ ಚೀಟಿಯೂ ಭೇದದ ಚೀಟಿಯೂ ಒಂದೇ ಕಿಸೆಯಲ್ಲಿ ಉಳಿದವು. ಒಂದು ಇನ್ನೊಂದನ್ನು ಅಳಿಸಲಿಲ್ಲ.

1991ರ ಜನಗಣತಿಯ ವೇಳೆಗೆ ಅಲ್ಲಿ ನೂರಕ್ಕೆ ಸುಮಾರು 90 ಮಂದಿ ಕ್ರೈಸ್ತರು. 1994ರ ಏಪ್ರಿಲ್‌ನಲ್ಲಿ ಆರಂಭವಾದ ಹತ್ಯಾಕಾಂಡದಲ್ಲಿ ನೂರು ದಿನಗಳೊಳಗೆ ಸುಮಾರು ಎಂಟು ಲಕ್ಷ ಜನರು ಸತ್ತರೆಂದು ಅಂದಾಜು; ಬಹುಪಾಲು ಟುಟ್ಸಿಗಳು. ಹಿಂದಿನ ಗಲಭೆಗಳಲ್ಲಿ ಚರ್ಚಿಗೆ ಓಡಿದವರು ಬದುಕಿಕೊಂಡಿದ್ದರು. ಆ ನಂಬಿಕೆಯಿಂದ ಈ ಸಲವೂ ಜನರು ಚರ್ಚುಗಳಿಗೇ ಓಡಿದರು. ನ್ಯಾಮಾಟ, ನ್ಟರಾಮ, ನ್ಯಾರುಬುಯೆಗಳ ಚರ್ಚುಗಳಲ್ಲಿ ಅವರನ್ನು ಕಡಿದು ಹಾಕಲಾಯಿತು. ನ್ಯಾಂಗೆ ಎಂಬ ಊರಿನಲ್ಲಿ ಚರ್ಚಿನೊಳಗೆ ಆಶ್ರಯ ಪಡೆದಿದ್ದ ಕನಿಷ್ಠ 1,500 ಮಂದಿಯ ಮೇಲೆ ಕಟ್ಟಡವನ್ನೇ ಬುಲ್‌ಡೋಜರ್‌ನಿಂದ ಕೆಡವಲಾಯಿತು. ಈ ಅಪರಾಧಕ್ಕಾಗಿ ಅಲ್ಲಿಯ ಪಾದ್ರಿಯಾಗಿದ್ದ ಅಥನಾಸ್ ಸೆರೊಂಬನಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯು 2008ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಚರ್ಚಿನವರ ಪಾಪಗಳಿಗಾಗಿ ಪೋಪ್ ಫ್ರಾನ್ಸಿಸ್ 2017ರಲ್ಲಿ ದೇವರ ಕ್ಷಮೆ ಕೋರಿದರು.

‘ಅವರು ನಿಜವಾದ ಕ್ರೈಸ್ತರಲ್ಲ’ ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಈ ಉತ್ತರವನ್ನು ಕೊಟ್ಟ ಕ್ಷಣವೇ ಮೂಲ ವಾದವು ಕುಸಿಯುವುದನ್ನು ಗಮನಿಸಿರಿ. ನೂರರಲ್ಲಿ ತೊಂಬತ್ತು ಮಂದಿಯ ನಂಬಿಕೆ ನಂಬಿಕೆಯೇ ಅಲ್ಲವೆಂದಾದರೆ, ನಂಬಿಕೆಯು ಹರಡಿದರೆ ಲೋಕ ಸುಧಾರಿಸುವುದೆಂಬ ಮಾತಿಗೆ ಅರ್ಥವೇನು? ಹರಡುವುದು ಒಂದು, ಸುಧಾರಿಸುವುದು ಇನ್ನೊಂದು ಎಂದಾಯಿತಲ್ಲ!

ಇದರಿಂದ ಕ್ರೈಸ್ತಧರ್ಮವು ಲೋಕಕ್ಕೆ ಏನೂ ಮಾಡಲಿಲ್ಲವೆಂದು ಹೇಳಿದರೆ ಅದು ಅನ್ಯಾಯವಾದೀತು. ಗುಲಾಮರ ವ್ಯಾಪಾರದ ವಿರುದ್ಧ 1783ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದವರು ಕ್ವೇಕರರೆಂಬ ಚಿಕ್ಕ ಪಂಥದವರು. ಗುಲಾಮರನ್ನು ಹಡಗಿಗೆ ತುಂಬುತ್ತಿದ್ದವರೂ ಕ್ರೈಸ್ತರೇ ಎಂಬುದು ಬೇರೆ ಮಾತು. ಇನ್ನೂ ಹತ್ತಿರದ ಉದಾಹರಣೆ ಫ್ರಾನ್ಸಿನ ಲ ಶಾಂಬೊನ್ ಎಂಬ ಮಲೆನಾಡಿನ ಹಳ್ಳಿಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಹಳ್ಳಿಯೂ ಸುತ್ತಲಿನ ಊರುಗಳೂ ಸಾವಿರಾರು ಯೆಹೂದ್ಯರನ್ನು ಮನೆಮನೆಗಳಲ್ಲಿ ಅಡಗಿಸಿ ಕಾಪಾಡಿದವು. ಯೆಹೂದ್ಯರ ಪಟ್ಟಿ ಕೊಡೆಂದು ಕೇಳಿದ ಅಧಿಕಾರಿಗಳಿಗೆ ಪಾದ್ರಿ ಆಂದ್ರೆ ಟ್ರೊಕ್ಮೆ ತಮಗೆ ಗೊತ್ತಿರುವುದು ಮನುಷ್ಯರು ಮಾತ್ರವೆಂದು ಉತ್ತರಿಸಿದರು. ಅವರ ಬಂಧು ಡೇನಿಯಲ್ ಟ್ರೊಕ್ಮೆ ಮಕ್ಕಳ ಜೊತೆಗೆ ಸೆರೆಸಿಕ್ಕಿ 1944ರಲ್ಲಿ ನಾಜಿಗಳ ಶಿಬಿರದಲ್ಲಿ ಮಡಿದರು. ಈ ಹಳ್ಳಿಯವರು ಯಾರು? ಕೆಥೊಲಿಕ್ ಬಹುಸಂಖ್ಯಾತರಿದ್ದ ಫ್ರಾನ್ಸಿನಲ್ಲಿ ಶತಮಾನಗಳ ಕಾಲ ರಾಜದಂಡದ ಪೆಟ್ಟು ತಿಂದ ಪ್ರಾಟೆಸ್ಟೆಂಟರು. ‘ಇಲ್ಲ’ ಎನ್ನುವ ಅಭ್ಯಾಸವು ಅವರಿಗೆ ಅಜ್ಜ ಮುತ್ತಜ್ಜಂದಿರಿಂದ ಬಂದಿತ್ತು. ಏಸುವಿನ ಮಾತು ರುವಾಂಡಾದ ಚರ್ಚಿನಲ್ಲಿಯೂ ಓದಲ್ಪಡುತ್ತಿತ್ತು. ಆದರೆ ಅದು ಅರಸನ ಮೂಲಕ ಬಂದ ಮಾತಾಗಿತ್ತು, ಅರಸನಿಗೆ ಎದುರಾಡಲು ಕಲಿಸಲಿಲ್ಲ. ಕಿಗಾಲಿಯ ಆರ್ಚ್‌ಬಿಷಪ್ಪರು ಅನೇಕ ವರ್ಷ ಆಳುವ ಪಕ್ಷದ ಕೇಂದ್ರ ಸಮಿತಿಯಲ್ಲಿಯೇ ಕುಳಿತಿದ್ದರೆಂದರೆ ಹೆಚ್ಚು ವಿವರಿಸಬೇಕಾಗಿಲ್ಲ.

ಆದುದರಿಂದ ಟಾಲ್‌ಸ್ಟಾಯ್ ಅವರ ಗ್ರಂಥವನ್ನು ಓದುವಾಗ ಅದರ ಮೊದಲರ್ಧದ ನಿರಾಕರಣೆಯನ್ನು ಹಿಡಿದು, ಅಲೆಯ ಭರವಸೆಯನ್ನು ಬಿಡಬೇಕೆಂದು ನನ್ನ ಅಭಿಪ್ರಾಯ. 1895ರಲ್ಲಿ ಆಯುಧಗಳನ್ನು ಸುಟ್ಟುಹಾಕಿ ಶಿಕ್ಷೆಗೆ ಗುರಿಯಾದ ದುಖೊಬಾರ್ ರೈತರು ಅಲೆಯೊಂದಿಗೆ ಬಂದವರಲ್ಲ. ಅವರಿಗಾಗಿ ಟಾಲ್‌ಸ್ಟಾಯ್ ತಮ್ಮ ‘ಪುನರುತ್ಥಾನ’ ಕಾದಂಬರಿಯ ಸಂಭಾವನೆಯನ್ನೇ ಕೊಟ್ಟರು. ಬಾಳಿನಲ್ಲಿ ಅವರು ಅಲ್ಪಸಂಖ್ಯಾತರ ಪಕ್ಷವನ್ನೇ ಹಿಡಿದರು. ಬರಹದಲ್ಲಿ ಮಾತ್ರ ಬಹುಸಂಖ್ಯೆಗೆ ಮರುಳಾದರು.

ಪರರ ಚರ್ಚನ್ನು ವಿಮರ್ಶಿಸುವುದು ಸುಲಭ. ಇಷ್ಟಲಿಂಗವನ್ನು ಒಬ್ಬೊಬ್ಬರ ಕೈಗೂ ಕೊಟ್ಟ ಪರಂಪರೆಯವರಾದ ನಾವು ಮಗಳ ಸಂಬಂಧ ನೋಡಲು ಹೊರಟಾಗ ಮೊದಲು ಕೇಳುವ ಪ್ರಶ್ನೆ ಒಳಪಂಗಡದ್ದಲ್ಲವೇ? ನಮ್ಮ ಕಿಸೆಯಲ್ಲಿಯೂ ಎರಡು ಚೀಟಿಗಳಿವೆ.

ಆ ಕೇಡಿನ ದಿನಗಳಲ್ಲಿ ಚೀಟಿಯನ್ನು ಲೆಕ್ಕಿಸದವರೂ ಇದ್ದರು. ಫೆಲಿಸಿಟಾಸ್ ನಿಯಿಟೆಗೆಕ ಎಂಬ ಹುಟು ಸೇವಾಸಹೋದರಿ ಗಿಸೆನ್ಯಿಯಲ್ಲಿ ಟುಟ್ಸಿಗಳನ್ನು ಗಡಿ ದಾಟಿಸುತ್ತಿದ್ದರು. ಸೇನಾಧಿಕಾರಿಯಾಗಿದ್ದ ಸಹೋದರನು ಬಿಟ್ಟುಬಾ ಎಂದು ಹೇಳಿ ಕಳುಹಿಸಿದರೂ ಒಪ್ಪದೆ, ತಮ್ಮಲ್ಲಿ ಆಶ್ರಯ ಪಡೆದವರ ಜೊತೆಗೇ ಪ್ರಾಣಬಿಟ್ಟರು. ಪಾದ್ರಿಯೇ ಚರ್ಚನ್ನು ಕೆಡವಿಸಿದ ಆ ನ್ಯಾಂಗೆಯಲ್ಲಿ, 1997ರ ಮಾರ್ಚ್ 18ರ ರಾತ್ರಿ, ಪ್ರೌಢಶಾಲೆಯ ಮಕ್ಕಳು ಓದುತ್ತ ಕುಳಿತಿದ್ದಾಗ ಬಂದೂಕುಧಾರಿಗಳು ಒಳನುಗ್ಗಿ, ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಬೇಕೆಂದರು. ತಾವೆಲ್ಲರೂ ರುವಾಂಡಾದವರೆಂದು ಹೇಳಿ ಮಕ್ಕಳು ಕದಲಲಿಲ್ಲ. ಆ ರಾತ್ರಿ ಆರು ಮಂದಿ ಮಡಿದರು.